ವೈನಿಯ ಹಾಡು ನಿಲ್ಲದಂತೆ 42 ಕಿಲೋಮೀಟರ್: ಗೆಳೆಯರೊಡನೆ ಮುಂಬೈ ಮ್ಯಾರಥಾನ್ ಓಡುವ ಬಗೆ

ಧಾರವಾಡದ ನಾವು ಐವರು ಮುಂಬೈ ಮ್ಯಾರಥಾನ್‌ಗೆ ಎರಡು ಸಲ ಹೋಗಿದ್ದೇವೆ. 2023ರಲ್ಲಿ 21 ಕಿಲೋಮೀಟರಿನ ಅರ್ಧ ಮ್ಯಾರಥಾನ್ ಓಡಿದೆವು, 2024ರಲ್ಲಿ 42 ಕಿಲೋಮೀಟರಿನ ಪೂರ್ಣ ಮ್ಯಾರಥಾನ್. ಮೊದಲ ಸಲ ಶನಿವಾರವಿಡೀ ಊರು ಸುತ್ತಿ ಭಾನುವಾರವನ್ನು ಹಾಳು ಮಾಡಿಕೊಂಡೆವು. ಎರಡನೆಯ ಸಲ ಭಾನುವಾರದ ನಸುಕನ್ನೇ ನಡುವೆ ಇಟ್ಟು ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿದೆವು. ಅಂತಿಮ ಗೆರೆ ದಾಟಿದಾಗ ಐವರೂ ಒಟ್ಟಿಗಿದ್ದೆವು, ಐವರೂ ನಗುತ್ತಿದ್ದೆವು. ನಿಮಗೂ ಅಂಥ ಭಾನುವಾರ ಸಿಗಲಿ ಎಂಬ ಆಸೆಯಿಂದ, ನಾವು ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳುತ್ತೇನೆ.

ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ವಯಸ್ಸು 48. ಜೊತೆಗಿದ್ದವರು ಬ್ಯಾಂಕಿನಲ್ಲಿರುವ ಗೆಳತಿ, ನಮ್ಮ ಓಣಿಯ ಔಷಧ ಅಂಗಡಿಯ ಅಣ್ಣ, ಅವರ ಹೆಂಡತಿ, ಮತ್ತು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಅಣ್ಣನ ಹೆಂಡತಿ ನಮಗೆಲ್ಲ ವೈನಿ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಓಟದಲ್ಲಿ ಎಲ್ಲರಿಗಿಂತ ನಿಧಾನ. ಗುಂಪಿನ ಓಟದ ಮೊದಲ ನಿಯಮವನ್ನು ಇಲ್ಲೇ ಹೇಳಿಬಿಡುತ್ತೇನೆ: ಅತಿ ನಿಧಾನದವರ ವೇಗವೇ ಗುಂಪಿನ ವೇಗ. ಇದನ್ನು ಮನಸ್ಸಿನಿಂದ ಒಪ್ಪದವರು ಒಬ್ಬರೇ ಓಡುವುದು ಒಳ್ಳೆಯದು. ಅವರಿಗೂ ಹಿತ, ಉಳಿದವರಿಗೂ ಹಿತ.

ಹೆಸರು ಕೊಡುವುದು, ಟಿಕೆಟ್ ಮಾಡಿಸುವುದು

ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಸಾಮಾನ್ಯವಾಗಿ ಜನವರಿಯ ಮೂರನೆಯ ಭಾನುವಾರ ನಡೆಯುತ್ತದೆ. ನೋಂದಣಿ ಹಿಂದಿನ ವರ್ಷದ ಮಳೆಗಾಲದಲ್ಲೇ ತೆರೆಯುತ್ತದೆ, ಅರ್ಧ ಮ್ಯಾರಥಾನ್‌ನ ಸ್ಥಾನಗಳು ಬೇಗ ತುಂಬುತ್ತವೆ. ಪೂರ್ಣ ಓಟಕ್ಕೆ ಹಿಂದಿನ ಯಾವುದಾದರೂ ಓಟದ ಸಮಯದ ಪ್ರಮಾಣಪತ್ರ ಕೇಳುತ್ತಾರೆ. ಆದ್ದರಿಂದ ಹೊಸಬರು ಮೊದಲ ವರ್ಷ ಅರ್ಧ ಓಡಿ, ಮರುವರ್ಷ ಪೂರ್ಣಕ್ಕೆ ಬನ್ನಿ. ದೇಹವೂ ಈ ಕ್ರಮವನ್ನೇ ಬಯಸುತ್ತದೆ. ಐವರೂ ಒಂದೇ ದಿನ, ಒಂದೇ ಮನೆಯಲ್ಲಿ ಕುಳಿತು ಅರ್ಜಿ ತುಂಬಿ. "ನಾಳೆ ತುಂಬುತ್ತೇನೆ" ಎಂದ ಒಬ್ಬರಿಂದ ಇಡೀ ಗುಂಪಿನ ಯೋಜನೆ ಮುರಿದದ್ದನ್ನು ಬೇರೆ ಗೆಳೆಯರಲ್ಲಿ ನೋಡಿದ್ದೇನೆ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಅರ್ಜಿ ತುಂಬುವ ಮೊದಲೇ ವೈದ್ಯರನ್ನು ಕಂಡು ಹೃದಯದ ತಪಾಸಣೆ ಮಾಡಿಸಿಕೊಳ್ಳಿ. ನಾವು ನಾಲ್ವರು ಮಾಡಿಸಿಕೊಂಡೆವು.

ನಮ್ಮ ಕಡೆಯವರಿಗೆ ಹುಬ್ಬಳ್ಳಿ-ದಾದರ್ ರೈಲು ಹೇಳಿ ಮಾಡಿಸಿದ ಹಾಗಿದೆ. ಶುಕ್ರವಾರ ಮಧ್ಯಾಹ್ನ ಹತ್ತಿದರೆ ಬೆಳಗಾವಿ, ಮೀರಜ್, ಪುಣೆ ದಾಟಿ ಶನಿವಾರ ಬೆಳಗಿನ ಜಾವ ದಾದರ್. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಆಲೋಚನೆ ಇದ್ದರೆ ಬಿಟ್ಟುಬಿಡಿ. ಅದು ಮುಂಬೈ ಮುಟ್ಟುವಷ್ಟರಲ್ಲಿ ಶನಿವಾರ ರಾತ್ರಿಯಾಗಿರುತ್ತದೆ, ಎದೆಗೆ ಸಿಕ್ಕಿಸಿಕೊಳ್ಳುವ ಓಟದ ಸಂಖ್ಯೆಯ ಚೀಟಿ ಪಡೆಯುವ ಹೊತ್ತು ಮೀರಿರುತ್ತದೆ. ಗುರುವಾರ ಹೊರಡಿ, ಇಲ್ಲವೇ ವಿಮಾನ ಹಿಡಿಯಿರಿ. ನಮಗೂ ಶುಕ್ರವಾರದ ಅರ್ಧ ದಿನ ಮತ್ತು ಸೋಮವಾರ ರಜೆ ಬೇಕಾಗುತ್ತದೆ. ಭಾನುವಾರ 42 ಕಿಲೋಮೀಟರ್ ಓಡಿ ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ನಿಂತು ಪಾಠ ಮಾಡಲು ಆಗುವುದಿಲ್ಲ.

ರೈಲಿನ ಮುಂಗಡ ಕಾಯ್ದಿರಿಸುವಿಕೆ ನಾವು ಹೋದಾಗ 120 ದಿನ ಮೊದಲು ತೆರೆಯುತ್ತಿತ್ತು, 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ನವೆಂಬರ್ ನಡುವಿನ ಆ ಬೆಳಿಗ್ಗೆಯನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಮರಳುವ ಟಿಕೆಟ್ ಮಾಡಿಸುವಾಗ ಕೆಳಗಿನ ಬರ್ತ್‌ಗಳನ್ನೇ ಕೇಳಿ. ಮ್ಯಾರಥಾನ್ ಓಡಿದ ರಾತ್ರಿ ಮೇಲಿನ ಬರ್ತ್ ಹತ್ತುವ ಕಷ್ಟ ನಮ್ಮಲ್ಲಿ 26ರ ಹುಡುಗನಿಗೂ ತಪ್ಪಲಿಲ್ಲ.

ಹಾಡುತ್ತ ಓಡುವ ತಾಲೀಮು

ಗಣೇಶ ಚತುರ್ಥಿಯ ಆಸುಪಾಸಿಗೆ ತಾಲೀಮು ಶುರುವಾಗಬೇಕು. ಸುಮಾರು 20 ವಾರ ಸಿಗುತ್ತದೆ, ಅಷ್ಟು ಸಾಕು. ಈ ಲೆಕ್ಕ ಈಗಾಗಲೇ ನಿಲ್ಲದೆ ನಾಲ್ಕೈದು ಕಿಲೋಮೀಟರ್ ಓಡಬಲ್ಲವರಿಗೆ. ಅಷ್ಟೂ ಆಗದವರು ಬೇಸಿಗೆಯಿಂದಲೇ ನಡಿಗೆ ಶುರು ಮಾಡಿ.

ಮಂಗಳವಾರ ಮತ್ತು ಗುರುವಾರ ತಲಾ 5ರಿಂದ 8 ಕಿಲೋಮೀಟರ್, ಭಾನುವಾರ ಉದ್ದನೆಯ ಓಟ. ವಾರದ ದಿನಗಳಲ್ಲಿ ಅವರವರ ಅನುಕೂಲಕ್ಕೆ ಒಬ್ಬೊಬ್ಬರೇ ಓಡಿದರೂ ಭಾನುವಾರ ಎಲ್ಲರೂ ಕೂಡಲೇಬೇಕು. ನಮ್ಮ ಭಾನುವಾರ ಕರ್ನಾಟಕ ವಿಶ್ವವಿದ್ಯಾಲಯದ ಆವರಣದ ಏರಿನಲ್ಲಿ ಶುರುವಾಗಿ ಕೆಲಗೇರಿ ಕೆರೆಯ ಕಡೆಗೆ ಇಳಿಯುತ್ತಿತ್ತು. ಮೊದಲ ವಾರ 8 ಕಿಲೋಮೀಟರ್, ನಂತರ ವಾರಕ್ಕೆ ಒಂದೋ ಎರಡೋ ಸೇರಿಸುತ್ತ ಹೋದೆವು. ಪ್ರತಿ ನಾಲ್ಕನೆಯ ವಾರ ಅಂತರವನ್ನು ಮೂರನೆಯ ಒಂದು ಭಾಗದಷ್ಟು ಇಳಿಸಿದೆವು. ಸ್ನಾಯು ಗಟ್ಟಿಯಾಗುವುದು ಆ ಬಿಡುವಿನಲ್ಲೇ. ಡಿಸೆಂಬರ್‌ನ ಒಂದು ಭಾನುವಾರ ಉಣಕಲ್ ಕೆರೆಯವರೆಗೆ ಓಡಿ, ದಂಡೆಯ ಮೇಲೆ ಕುಳಿತು ಅವಲಕ್ಕಿ ತಿಂದು, ಚಿಗರಿ ಬಸ್ಸಿನಲ್ಲಿ ಮರಳಿದೆವು. ಒಂದೇ ದಿಕ್ಕಿನಲ್ಲಿ ಓಡಿ ಬಸ್ಸಿನಲ್ಲಿ ಬರುವುದನ್ನು ನೀವೂ ಮಾಡಿ ನೋಡಿ. ಒಂದೇ ಮೈದಾನವನ್ನು ಸುತ್ತುವ ಬೇಸರವಿಲ್ಲ, ನಡುವೆ ಬಿಟ್ಟು ಮನೆಗೆ ಹೋಗುವ ಆಸೆಗೂ ಎಡೆಯಿಲ್ಲ.

ಅತಿ ಉದ್ದದ ಓಟ 30 ಕಿಲೋಮೀಟರ್. ಅದು ಮ್ಯಾರಥಾನ್‌ಗೆ ಮೂರು ವಾರ ಮೊದಲು ಮುಗಿಯಬೇಕು. ನಮಗದು 2023ರ ಡಿಸೆಂಬರ್ 31ರ ಭಾನುವಾರ ಬಂತು. ಅಲ್ಲಿಂದ ಮುಂದೆ ಓಟ ಕಡಿಮೆ, ನಿದ್ದೆ ಹೆಚ್ಚು. ಈ ಮೂರು ವಾರಗಳಲ್ಲಿ "ಇನ್ನೊಮ್ಮೆ 25 ಓಡಿಬಿಡೋಣ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ.

ಇನ್ನು ವೇಗ. ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಓಡುತ್ತ ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಆಡಲು ಬರಬೇಕು. ವೈನಿ ಓಡುವಾಗ ದಾಸರ ಪದಗಳನ್ನು ಗುನುಗುತ್ತಾರೆ. ಸಾಲಿನ ನಡುವೆ ಅವರ ಉಸಿರು ತುಂಡಾದರೆ ನಾವು ವೇಗ ಮೀರಿದ್ದೇವೆ ಎಂದರ್ಥ. ಆಗ ಐವರೂ ನಡೆಯುತ್ತಿದ್ದೆವು. ನಾಡಿಮಿಡಿತ ತೋರಿಸುವ ಕೈಗಡಿಯಾರ ನನ್ನ ಬಳಿಯೂ ಇದೆ, ಆದರೆ ಗುಂಪಿಗೆ ವೈನಿಯ ಹಾಡೇ ನಂಬಿಕೆಯ ಅಳತೆ.

ಇದಕ್ಕೆ ಜೊತೆಯಾಗಿ ಓಟ-ನಡಿಗೆಯ ಕ್ರಮವಿದೆ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಇದನ್ನು ಜನಪ್ರಿಯಗೊಳಿಸಿದರು. ನಾವು ನಾಲ್ಕು ನಿಮಿಷ ಓಡಿ ಒಂದು ನಿಮಿಷ ನಡೆಯುತ್ತೇವೆ. ಸುಸ್ತಾದ ಮೇಲೆ ನಡೆದರೆ ಸಾಲದು, ಮೊದಲ ಐದು ನಿಮಿಷದಿಂದಲೇ ನಡೆಯಬೇಕು. ಕಿಲೋಮೀಟರಿಗೆ 8 ನಿಮಿಷದಂತೆ ಓಡಿ 11 ನಿಮಿಷದಂತೆ ನಡೆದರೆ ಸರಾಸರಿ ಎಂಟೂವರೆ ನಿಮಿಷ ಬರುತ್ತದೆ. ಆ ಲೆಕ್ಕದಲ್ಲಿ 42.195 ಕಿಲೋಮೀಟರಿಗೆ ಆರು ಗಂಟೆ. ಸಂಘಟಕರ ಗಡುವು ಎಷ್ಟೆಂದು ಆ ವರ್ಷದ ನಿಯಮಗಳಲ್ಲಿ ನೋಡಿಕೊಂಡು ನಿಮ್ಮ ಲೆಕ್ಕ ಅದರೊಳಗೆ ಕೂರುವಂತೆ ಹೊಂದಿಸಿಕೊಳ್ಳಿ.

ಶೂ ಅಕ್ಟೋಬರ್‌ನಲ್ಲೇ ಕೊಳ್ಳಿ, ಸಂಜೆಯ ಹೊತ್ತು ಕೊಳ್ಳಿ. ಸಂಜೆಗೆ ಪಾದ ತುಸು ಊದಿರುತ್ತದೆ, ಓಟದಲ್ಲೂ ಊದುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗವಿರಲಿ. ಬ್ಯಾಂಕಿನ ಗೆಳತಿ 2023ರಲ್ಲಿ ಓಟದ ಹಿಂದಿನ ದಿನ ಹೊಸ ಜೋಡಿ ಕೊಂಡು ಅದನ್ನೇ ತೊಟ್ಟು ಓಡಿದಳು. ಹನ್ನೆರಡನೆಯ ಕಿಲೋಮೀಟರಿಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದ್ದವು. ಶೂ, ಕಾಲುಚೀಲ, ಒಳ ಉಡುಪು, ತಿನಿಸು, ಇವುಗಳಲ್ಲಿ ಯಾವುದನ್ನೂ ಓಟದ ದಿನ ಮೊದಲ ಸಲ ಬಳಸಬಾರದು.

ಶನಿವಾರ

2023ರ ಶನಿವಾರ ನಾವು ಗೇಟ್‌ವೇಯಿಂದ ದೋಣಿ ಹತ್ತಿ ಎಲಿಫಂಟಾಕ್ಕೆ ಹೋದೆವು, ಅಲ್ಲಿಯ ಮೆಟ್ಟಿಲು ಹತ್ತಿದೆವು, ಸಂಜೆ ಕೊಲಾಬಾದ ಅಂಗಡಿಗಳಲ್ಲಿ ತಿರುಗಿದೆವು, ರಾತ್ರಿ ಬೀದಿಬದಿಯ ಚಾಟ್ ತಿಂದೆವು. ಮರುದಿನ 21 ಕಿಲೋಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ದೂರ ಕಾಲೆಳೆದುಕೊಂಡು ನಡೆದೆವು. ಅಣ್ಣನ ಹೊಟ್ಟೆ ಕೆಟ್ಟಿತ್ತು. ಎಲಿಫಂಟಾದ ಮಹೇಶಮೂರ್ತಿಯನ್ನು ಖಂಡಿತ ನೋಡಬೇಕು, ಆದರೆ ಅದಕ್ಕೆ ಬೇರೆ ಪ್ರವಾಸ ಇಟ್ಟುಕೊಳ್ಳಿ. ಸೋಮವಾರ ಅಲ್ಲಿ ರಜೆ ಎಂಬುದೂ ಗೊತ್ತಿರಲಿ.

2024ರಲ್ಲಿ ಮಾಟುಂಗಾದಲ್ಲಿ ಇಳಿದುಕೊಂಡೆವು. ದಾದರ್ ಪಕ್ಕದ ನಿಲ್ದಾಣ, ಕನ್ನಡಿಗರಿಗೆ ತವರಿನಂಥ ಜಾಗ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇಲ್ಲೇ ಇದೆ. ಕಿಂಗ್ಸ್ ಸರ್ಕಲ್ ಬಳಿಯ ಕೆಫೆ ಮೈಸೂರಿನಲ್ಲಿ ಇಡ್ಲಿ ತಿನ್ನುವಾಗ ಸುತ್ತಲೂ ತುಳು, ಕೊಂಕಣಿ, ತಮಿಳು, ಕನ್ನಡ ಕಿವಿಗೆ ಬೀಳುತ್ತವೆ. ಮ್ಯಾರಥಾನ್‌ಗೆ ಹೋಗುವವರಿಗೆ ಇಲ್ಲಿ ಇನ್ನೊಂದು ಅನುಕೂಲವಿದೆ: ಹೊಟ್ಟೆಗೆ ಹೊಂದುವ ಊಟ ಹುಡುಕಿಕೊಂಡು ಅಲೆಯಬೇಕಿಲ್ಲ. ನಿಲ್ದಾಣದ ಎದುರಿಗೆ ರಾಮಾ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆಯ ಊಟ ಸಿಗುತ್ತದೆ. ಶನಿವಾರ ಮಧ್ಯಾಹ್ನ ಅಲ್ಲಿ ಅನ್ನ, ಸಾರು, ಮೊಸರು ಹೊಟ್ಟೆ ತುಂಬ ಉಂಡೆವು. ಕಾಳುಪಲ್ಯ, ಕರಿದದ್ದು ಮುಟ್ಟಲಿಲ್ಲ. ಮನೆಯಿಂದ ಕಟ್ಟಿಕೊಂಡ ಜೋಳದ ರೊಟ್ಟಿ, ಝುಣಕ ಶುಕ್ರವಾರದ ರೈಲಿನಲ್ಲೇ ಮುಗಿಯಬೇಕು. ನಾರಿನಂಶ ಹೆಚ್ಚಿದ್ದರೆ ಓಟದ ನಡುವೆ ಶೌಚಾಲಯ ಹುಡುಕಬೇಕಾಗುತ್ತದೆ.

ಶನಿವಾರ ಮಾಡಲೇಬೇಕಾದ ಕೆಲಸ ಒಂದೇ. ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೋಗಿ ಓಟದ ಸಂಖ್ಯೆಯ ಚೀಟಿ ತರುವುದು. ಎಲ್ಲರೂ ಅದನ್ನು ಬಿಬ್ ಎನ್ನುತ್ತಾರೆ. ಭಾವಚಿತ್ರವಿರುವ ಗುರುತಿನ ಚೀಟಿಯ ಮೂಲಪ್ರತಿ ಇಟ್ಟುಕೊಳ್ಳಿ. ಓಟದ ದಿನ ಬಿಬ್ ಕೊಡುವುದಿಲ್ಲ. ಮಾಟುಂಗಾದಲ್ಲಿ ಆಟೋ ಸಿಗುವುದಿಲ್ಲ, ದಕ್ಷಿಣ ಮುಂಬೈ ಕಡೆಗೆ ಅವಕ್ಕೆ ಪ್ರವೇಶವಿಲ್ಲ. ಟ್ಯಾಕ್ಸಿ ಮಾಡಿ. ಬೆಳಿಗ್ಗೆ ಬೇಗ ಹೋದರೆ ಸಾಲು ಚಿಕ್ಕದಿರುತ್ತದೆ, ಮಧ್ಯಾಹ್ನದೊಳಗೆ ಮರಳಿ ಕಾಲು ಚಾಚಿ ಮಲಗಬಹುದು. ಬಿಬ್‌ನ ಹಿಂಬದಿಯಲ್ಲಿ ತುರ್ತಿಗೆ ಯಾರಿಗೆ ಕರೆ ಮಾಡಬೇಕೆಂದು ಬರೆಯಲು ಜಾಗವಿದೆ. ಅಲ್ಲಿ ಜೊತೆಗೆ ಓಡುವವರ ಸಂಖ್ಯೆ ಬರೆಯಬೇಡಿ, ಮನೆಯಲ್ಲಿರುವವರದ್ದು ಬರೆಯಿರಿ.

ಸಂಜೆ ವಸತಿಗೃಹದವರಿಗೆ ನಸುಕಿನ ಮೂರಕ್ಕೆ ಹೊರಡುತ್ತೇವೆ ಎಂದು ತಿಳಿಸಿ, ಬಾಗಿಲು ತೆರೆಯುವವರು ಯಾರೆಂದು ಕೇಳಿಕೊಳ್ಳಿ. ಮೊದಲ ವರ್ಷ ನಾವು ಇಳಿದಿದ್ದ ಕಡೆ ಕಬ್ಬಿಣದ ಬಾಗಿಲಿಗೆ ಬೀಗ ಬಿದ್ದಿತ್ತು, ಕಾವಲಿನವರನ್ನು ಎಬ್ಬಿಸುವುದರಲ್ಲೇ ಇಪ್ಪತ್ತು ನಿಮಿಷ ಹೋಯಿತು.

ರಾತ್ರಿ ಮಲಗುವ ಮೊದಲು ಐವರೂ ಕುಳಿತು ಒಪ್ಪಂದ ಮಾಡಿಕೊಂಡೆವು. ಇದನ್ನು ನೀವೂ ಬಿಡಬೇಡಿ. 32 ಕಿಲೋಮೀಟರಿನವರೆಗೆ ಯಾರೂ ಗುಂಪು ಬಿಡುವಂತಿಲ್ಲ. ಆ ಮೇಲೆ ಶಕ್ತಿಯಿದ್ದವರು ಹೇಳಿ ಮುಂದೆ ಹೋಗಬಹುದು, ಹೋದವರ ಮೇಲೆ ಯಾರೂ ಮುನಿಸಿಕೊಳ್ಳುವಂತಿಲ್ಲ. ಯಾರಿಗಾದರೂ ಎದೆನೋವು, ತಲೆಸುತ್ತು, ಗೊಂದಲದ ಮಾತು ಕಂಡರೆ ಓಟ ಅಲ್ಲಿಗೇ ಮುಗಿಯಿತು. ಒಬ್ಬರು ಅವರೊಡನೆ ವೈದ್ಯರ ಬಳಿ ನಿಲ್ಲಬೇಕು. ಯಾರು ನಿಲ್ಲುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಅಣ್ಣನಿಗೆ ನಾನು, ವೈನಿಗೆ ಗೆಳತಿ ಎಂದಿತ್ತು. ಗಂಡ-ಹೆಂಡತಿಯನ್ನು ಪರಸ್ಪರರ ಹೊಣೆಗೆ ಬಿಡಲಿಲ್ಲ, ಗಾಬರಿಯಲ್ಲಿ ಇಬ್ಬರೂ ಕುಸಿಯಬಹುದು. ಓಟ ಮುಗಿದ ಮೇಲೆ ಗುಂಪಿನಲ್ಲಿ ಮೊಬೈಲ್ ಸಿಗದೇ ಹೋಗಬಹುದು. ಆದ್ದರಿಂದ ಕೂಡುವ ಜಾಗ ಮಹಾನಗರ ಪಾಲಿಕೆ ಕಟ್ಟಡದ ಮುಂದಿರುವ ಫಿರೋಜ್‌ಶಾ ಮೆಹತಾ ಪ್ರತಿಮೆ ಎಂದು ಗೊತ್ತುಮಾಡಿದೆವು.

ಭಾನುವಾರದ ನಸುಕು

ಎರಡೂವರೆಗೆ ಎದ್ದೆವು. ಒಂದು ಬಾಳೆಹಣ್ಣು, ಅರ್ಧ ಶೇಂಗಾ ಹೋಳಿಗೆ, ಅರ್ಧ ಕಪ್ ಚಹಾ. ತೊಡೆಯ ಒಳಬದಿ, ಕಂಕುಳು, ಬೆರಳಸಂದಿಗೆ ವ್ಯಾಸಲೀನ್. ಗಂಡಸರು ಎದೆಗೂ ಹಚ್ಚಿಕೊಳ್ಳಬೇಕು, ಬೆವರಿನ ಬಟ್ಟೆ ಉಜ್ಜಿ ರಕ್ತ ಬರುತ್ತದೆ. ಸ್ವೆಟರ್ ಬೇಡ. ಧಾರವಾಡದ ಜನವರಿಯ ಒಣ ಚಳಿ ಅಲ್ಲಿಲ್ಲ, ನಸುಕಿನಲ್ಲೂ ಗಾಳಿ ತೇವದಿಂದ ಭಾರವಾಗಿರುತ್ತದೆ.

ಓಟಗಾರರಿಗಾಗಿ ನಸುಕಿನಲ್ಲಿ ವಿಶೇಷ ಲೋಕಲ್ ರೈಲು ಬಿಡುತ್ತಾರೆ. ಮಾಟುಂಗಾದಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ ಅರ್ಧ ಗಂಟೆಯೂ ಬೇಡ. ಡಬ್ಬಿಯ ತುಂಬ ಶೂ ಕಟ್ಟಿದ ಜನ, ಎಲ್ಲರ ಎದೆಯ ಮೇಲೂ ಸಂಖ್ಯೆ. ನಿಲ್ದಾಣದಿಂದ ಹೊರಬಂದರೆ ಅಲ್ಲೇ ಓಟದ ಆರಂಭ. ಓಟಗಾರರನ್ನು ಅವರ ವೇಗಕ್ಕೆ ತಕ್ಕಂತೆ ವಿಭಾಗ ಮಾಡಿ ಹಿಂದೆ ಮುಂದೆ ನಿಲ್ಲಿಸುತ್ತಾರೆ. ಐವರಿಗೂ ಒಂದೇ ವಿಭಾಗ ಸಿಗದಿದ್ದರೆ ಮುಂದಿನ ವಿಭಾಗದವರು ಹಿಂದಿನದಕ್ಕೆ ಬಂದು ಸೇರಿಕೊಳ್ಳಿ. ಹಿಂದಿನವರನ್ನು ಮುಂದಕ್ಕೆ ಬಿಡುವುದಿಲ್ಲ. ನಿಮ್ಮ ಓಟದ ಸಮಯ ನೀವು ಗೆರೆ ದಾಟಿದಾಗಿನಿಂದ ದಾಖಲಾಗುತ್ತದೆ, ನೂಕಾಡುವ ಅಗತ್ಯವಿಲ್ಲ.

ಮೊದಲ ಕೆಲವು ಕಿಲೋಮೀಟರ್ ಮರೀನ್ ಡ್ರೈವ್‌ನ ದೀಪಗಳ ಸಾಲಿನಲ್ಲಿ ಕಾಲು ತಾನಾಗಿ ಓಡುತ್ತದೆ. ಇಲ್ಲಿಯೇ ಮೋಸ ಹೋಗುವುದು. ಸಾವಿರಾರು ಜನ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ. ನಮ್ಮ ಹುಡುಗ ಎರಡು ಸಲ ಮುಂದೆ ಜಿಗಿದ. "ಹಾಡು ಕೇಳಿಸುವಷ್ಟು ಹತ್ತಿರ ಇರಪ್ಪಾ" ಎಂದು ವೈನಿ ಕರೆದರು. ಮತ್ತೆ ಹೋಗಲಿಲ್ಲ.

ಹಾಜಿ ಅಲಿ, ವರ್ಲಿ ದಾಟಿದ ಮೇಲೆ ಬಾಂದ್ರಾ-ವರ್ಲಿ ಸೇತುವೆ. ಮಾರ್ಗ ವರ್ಷದಿಂದ ವರ್ಷಕ್ಕೆ ಕೊಂಚ ಬದಲಾಗುತ್ತದೆ, ನಕ್ಷೆ ನೋಡಿಕೊಳ್ಳಿ. 2009ರಲ್ಲಿ ತೆರೆದ ಈ 5.6 ಕಿಲೋಮೀಟರ್ ಸೇತುವೆಯ ಮೇಲೆ ಉಳಿದ ದಿನಗಳಲ್ಲಿ ನಡೆಯಲು ಬಿಡುವುದಿಲ್ಲ. ನಾವು ಅಲ್ಲಿದ್ದಾಗ ಪೂರ್ವದ ಕಟ್ಟಡಗಳ ಹಿಂದೆ ಆಕಾಶ ಕೆಂಪಾಯಿತು. ಎಡಗಡೆ ಸಮುದ್ರ, ತಲೆಯ ಮೇಲೆ ತಂತಿಗಳ ಬೀಸಣಿಗೆ, ಎದುರಿಗೆ ಬೆಳಕು. ಐವರೂ ಓಟ ನಿಲ್ಲಿಸಿ, ಹಿಂದಿನವರಿಗೆ ಅಡ್ಡಿಯಾಗದಂತೆ ಅಂಚಿಗೆ ಸರಿದು, ಎರಡು ನಿಮಿಷ ಸುಮ್ಮನೆ ನಿಂತೆವು. ನಿಲ್ಲಿ. ಆ ಎರಡು ನಿಮಿಷ ನಿಮ್ಮ ಸಮಯದಿಂದ ಹೋದರೆ ಏನೂ ನಷ್ಟವಿಲ್ಲ. ಶೌಚಾಲಯದ ಕೆಲಸ ಮಾತ್ರ ಸೇತುವೆಗೆ ಮೊದಲೇ ಮುಗಿಸಿಕೊಳ್ಳಿ.

ತಿನ್ನುವುದು ಹಸಿವಾದ ಮೇಲೆ ಅಲ್ಲ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಪಿಷ್ಟ 30 ಕಿಲೋಮೀಟರಿನ ಸುತ್ತಮುತ್ತ ಮುಗಿಯುತ್ತ ಬರುತ್ತದೆ. ಆಗ ಕಾಲು ಸೀಸದಂತಾಗುತ್ತದೆ, ಮನಸ್ಸು ಅಳುಮೋರೆ ಹಾಕುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಹೊಟ್ಟೆಗೆ ಹೋಗುತ್ತಿದ್ದರೆ ಆ ಹೊತ್ತನ್ನು ಮುಂದೂಡಬಹುದು. ನಾವು ಮೊದಲ 45 ನಿಮಿಷದಿಂದಲೇ ಖರ್ಜೂರ, ಬೆಲ್ಲದ ತುಣುಕು, ಸಂಕ್ರಾಂತಿಗೆ ಮಾಡಿ ಉಳಿದ ಕುಸುರೆಳ್ಳು, ಅಲ್ಲಿ ಕೊಡುವ ಬಾಳೆಹಣ್ಣು ತಿಂದೆವು. ಬಾಯಾರಿದಾಗ ನೀರು ಕುಡಿಯಿರಿ, ದಾರಿಯಲ್ಲಿ ನೀರು ಇಟ್ಟಿರುವ ಪ್ರತಿ ಮೇಜಿನ ಬಳಿಯೂ ಕುಡಿಯುವ ಹಟ ಬೇಡ. ನಿಧಾನವಾಗಿ ಓಡುವವರು ಆರು ಗಂಟೆ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ, ಅದು ಪ್ರಾಣಕ್ಕೇ ಅಪಾಯ. ನೋವಿನ ಮಾತ್ರೆಯನ್ನು ಓಟದ ಮೊದಲಾಗಲಿ ನಡುವೆಯಾಗಲಿ ನುಂಗಬೇಡಿ. ಬೆವರಿ ಬತ್ತಿದ ದೇಹದಲ್ಲಿ ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆ. ಅಂಗಡಿಯಲ್ಲಿ ದಿನವೂ ಅವನ್ನೇ ಮಾರುವ ಅಣ್ಣ ನಮ್ಮ ಚೀಲಗಳನ್ನು ತೆಗೆಸಿ ನೋಡಿ ಇದನ್ನು ಖಾತ್ರಿ ಮಾಡಿಕೊಂಡರು.

ಮಾಹಿಮ್, ಶಿವಾಜಿ ಪಾರ್ಕ್ ಕಡೆ ಬರುವಷ್ಟರಲ್ಲಿ ಬಿಸಿಲು ಏರಿರುತ್ತದೆ, ಜನವೂ ಎದ್ದಿರುತ್ತಾರೆ. ಆಮೇಲಿನ ಓಟವನ್ನು ಮುಂಬೈಯ ಜನರೇ ಓಡಿಸುತ್ತಾರೆ. ಮಕ್ಕಳು ಅಂಗೈಯಲ್ಲಿ ಉಪ್ಪು ಹಿಡಿದು ನಿಂತಿರುತ್ತಾರೆ, ಅಜ್ಜಿಯರು ಸುಲಿದ ಕಿತ್ತಳೆಯ ತೊಳೆ ಕೊಡುತ್ತಾರೆ. ಒಬ್ಬಾಕೆ ತಿಳಗುಳ ಕೊಟ್ಟಾಗ ವೈನಿ ತಮ್ಮ ಚೀಲದ ಕುಸುರೆಳ್ಳು ಕೊಟ್ಟು ಮುಂದೆ ಸಾಗಿದರು. ಕೊಟ್ಟದ್ದನ್ನು ಸ್ವೀಕರಿಸಿ, ಕಣ್ಣು ನೋಡಿ ಕೃತಜ್ಞತೆ ಹೇಳಿ. ಸಿಪ್ಪೆ, ಲೋಟ ರಸ್ತೆಗೆ ಎಸೆಯಬೇಡಿ, ಹಿಂದೆ ಬರುವವರು ಜಾರುತ್ತಾರೆ.

ಕೊನೆಯ ಪರೀಕ್ಷೆ ಪೆಡ್ಡರ್ ರಸ್ತೆಯ ಏರು, 35 ಕಿಲೋಮೀಟರಿನ ಆಸುಪಾಸು. ಅಲ್ಲಿ ಓಡಲೇಬೇಡಿ. ಹೆಜ್ಜೆ ಚಿಕ್ಕದು ಮಾಡಿ, ಕೈ ಬೀಸಿ ನಡೆಯಿರಿ. ಒಪ್ಪಂದದ ಪ್ರಕಾರ ಹುಡುಗ ಮುಂದೆ ಹೋಗಬಹುದಿತ್ತು. ಕೇಳಿದೆ. "ಇಲ್ಲ ಮೇಡಂ, ಇಲ್ಲೇ ಚೆನ್ನಾಗಿದೆ" ಎಂದ. ಏರಿನ ನಡುವೆ ವೈನಿಯ ಹಾಡು ಪೂರ್ತಿ ನಿಂತಿತು. ಆಗ ಉಳಿದ ನಾಲ್ವರೂ ಹಾಡಿದೆವು, ನಮಗೆ ಬಂದಷ್ಟು, ತಾಳ ತಪ್ಪಿ. ಇಳಿಜಾರಿನಲ್ಲಿ ಅವರ ದನಿ ಮತ್ತೆ ಸೇರಿತು. 6 ಗಂಟೆ 12 ನಿಮಿಷಕ್ಕೆ ಕೈ ಕೈ ಹಿಡಿದು ಗೆರೆ ದಾಟಿದೆವು. ಐವರು ಅಡ್ಡ ಸಾಲಾಗಿ ದಾಟುವಾಗ ಹಿಂದೆ ವೇಗವಾಗಿ ಬರುವವರಿಗೆ ದಾರಿ ಇದೆಯೇ ಎಂದು ಒಮ್ಮೆ ತಿರುಗಿ ನೋಡಿಕೊಳ್ಳಿ.

ಓಡಿದ ಮೇಲೆ

ತಕ್ಷಣ ಕೂರಬೇಡಿ. ಹತ್ತು ನಿಮಿಷ ನಡೆಯಿರಿ, ನಂತರ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಭಾನುವಾರ ಹಗಲು ಲೋಕಲ್ ಹಳಿಗಳ ದುರಸ್ತಿಗೆ ಕೆಲವು ಹೊತ್ತು ರೈಲು ತಡೆಯುವ ಮೆಗಾ ಬ್ಲಾಕ್ ಇರುವುದು ಸಾಮಾನ್ಯ. ಹಿಂದಿನ ದಿನವೇ ಪತ್ರಿಕೆಯಲ್ಲಿ ನೋಡಿಟ್ಟುಕೊಳ್ಳಿ, ಇಲ್ಲದಿದ್ದರೆ ದಣಿದ ಕಾಲಿನಲ್ಲಿ ಮೇಲ್ಸೇತುವೆಗಳನ್ನು ಹತ್ತಿಳಿಯಬೇಕಾಗುತ್ತದೆ. ಕೊಠಡಿಯನ್ನು ಭಾನುವಾರ ಸಂಜೆಯವರೆಗೂ ಹಿಡಿದಿರಿ. ಸ್ನಾನ, ಊಟ, ಎರಡು ಗಂಟೆ ನಿದ್ದೆ, ಇವಿಷ್ಟಕ್ಕೆ ಆ ಹಣ ಕೊಡಲು ಹಿಂದೆಮುಂದೆ ನೋಡಬೇಡಿ. ಮೆಟ್ಟಿಲು ಇಳಿಯುವಾಗ ತೊಡೆ ಚೀರುತ್ತದೆ. ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದರೆ ನೋವು ಕಡಿಮೆ.

ರಾತ್ರಿ ದಾದರ್‌ನಲ್ಲಿ ರೈಲು ಹತ್ತಿದರೆ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಧಾರವಾಡ. ಮಂಗಳವಾರ, ಬುಧವಾರ ಇಪ್ಪತ್ತು ನಿಮಿಷದ ನಡಿಗೆ ಸಾಕು. ಒಂದು ವಾರ ಓಡಬೇಡಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಥವಾ ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾದರೆ ಅದೇ ದಿನ ವೈದ್ಯರ ಬಳಿ ಹೋಗಿ. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಎಲ್ಲರೂ ಕೆರೆಯ ದಂಡೆಯಲ್ಲಿ ಕೂಡಿ, ಓಡದಿದ್ದರೂ ಸರಿ. ನಾವು ಕೆಲಗೇರಿಯಲ್ಲಿ ಕೂಡಿದೆವು. ವೈನಿ ಥರ್ಮಾಸಿನಲ್ಲಿ ಚಹಾ ತಂದಿದ್ದರು.